ಎಲ್ಲ ಪರದೆಗಳೂ ಒಟ್ಟಿಗೆ ನಿಂತಾಗ

ನಮ್ಮ ವಿಭಾಗದ ದೊಡ್ಡ ಲ್ಯಾಬಿನ ಸಿಸ್ಟಂಗಳಿಗೆ ಹಾರ್ಡ್‌ಡಿಸ್ಕ್ ಇಲ್ಲ. 40 ಯಂತ್ರಗಳೂ ಪಿಎಕ್ಸ್‌ಇ (ನೆಟ್‌ವರ್ಕಿನಿಂದಲೇ ಏಳುವ ವಿಧಾನ) ಮೂಲಕ ಬೂಟ್ ಆಗಿ, ಒಂದೇ ಎಲ್‌ಟಿಎಸ್‌ಪಿ (ಡಿಸ್ಕಿಲ್ಲದ ಯಂತ್ರಗಳನ್ನು ನಡೆಸುವ ಲಿನಕ್ಸ್ ತಂತ್ರಾಂಶ) ಸರ್ವರಿನಲ್ಲಿರುವ ಇಮೇಜನ್ನು, ಅಂದರೆ ಇಡೀ ವ್ಯವಸ್ಥೆಯನ್ನು ಕಟ್ಟಿಟ್ಟ ಕಡತವನ್ನು, ಎನ್‌ಎಫ್‌ಎಸ್ (ದೂರದ ಕಡತಗಳನ್ನು ನೆಟ್‌ವರ್ಕಿನಲ್ಲಿ ಓದುವ ವಿಧಾನ) ಮೇಲೆ ಓದಿಕೊಳ್ಳುತ್ತವೆ. ವಿದ್ಯಾರ್ಥಿ ಲಾಗಿನ್ ಆದೊಡನೆ ಅವನ ಸ್ವಂತ ಕಡತಗಳಿರುವ ಹೋಮ್ ಡೈರೆಕ್ಟರಿ ಎಸ್‌ಎಸ್‌ಎಚ್‌ಎಫ್‌ಎಸ್ ಎಂಬ ಇನ್ನೊಂದು ವಿಧಾನದ ಮೂಲಕ ಸರ್ವರಿನಿಂದ ಬಂದು ಸೇರಿಕೊಳ್ಳುತ್ತದೆ. ಹಳೆಯ ಎಲ್‌ಟಿಎಸ್‌ಪಿ 5ರಲ್ಲಿ ಪ್ರೋಗ್ರಾಂಗಳನ್ನು ಸರ್ವರಿನಲ್ಲೇ ಓಡಿಸಿ, ಪರದೆಯನ್ನಷ್ಟೇ ಕ್ಲೈಂಟಿಗೆ, ಅಂದರೆ ವಿದ್ಯಾರ್ಥಿಯ ಯಂತ್ರಕ್ಕೆ, ಕಳುಹಿಸುವ ಪದ್ಧತಿಯಿತ್ತು. 2019ರಲ್ಲಿ ಅದನ್ನು ಬುಡದಿಂದ ಹೊಸದಾಗಿ ಬರೆದ ಮೇಲೆ ಪ್ರೋಗ್ರಾಂ ಓಡುವುದು ಸಾಮಾನ್ಯವಾಗಿ ಕ್ಲೈಂಟಿನ ಪ್ರೊಸೆಸರಿನಲ್ಲಿ, ಆದರೆ ಆ ಪ್ರೋಗ್ರಾಮಿನ ಪ್ರತಿಯೊಂದು ತುಣುಕೂ ಬರಬೇಕಾದದ್ದು ತಂತಿಯ ಮೇಲೆ. ಸ್ಟಾಕ್ ರಿಜಿಸ್ಟರಿನಲ್ಲಿ ಇವು ಇಂದಿಗೂ, ಆ ಹಳೆಯ ಪದ್ಧತಿಯ ಹೆಸರಿನಲ್ಲಿ, ಥಿನ್ ಕ್ಲೈಂಟುಗಳೇ, ಆದ್ದರಿಂದ ನಾನೂ ಹಾಗೆಯೇ ಕರೆಯುತ್ತೇನೆ.

ಇಂಥ ಲ್ಯಾಬನ್ನು ನೋಡಿಕೊಳ್ಳುವವರಲ್ಲಿ ಒಂದು ಲೆಕ್ಕಾಚಾರ ಬೇರೂರಿರುತ್ತದೆ: ಒಂದು ಸಿಸ್ಟಂ ನಿಂತರೆ ಆ ಸಿಸ್ಟಮನ್ನು ನೋಡಬೇಕು, ಎಲ್ಲವೂ ಒಟ್ಟಿಗೆ ನಿಂತರೆ ಸರ್ವರನ್ನು ನೋಡಬೇಕು. ಹೆಚ್ಚಿನ ಸಂದರ್ಭಗಳಲ್ಲಿ ಇದು ಸರಿಯೇ ಆಗಿರುವುದರಿಂದ ನಂಬಿಕೆ ಇನ್ನಷ್ಟು ಗಟ್ಟಿಯಾಗುತ್ತದೆ. ಯಂತ್ರಗಳಿಗೆ ನೆಟ್‌ವರ್ಕ್ ವಿಳಾಸ ಕೊಡುವ ಡಿಎನ್‌ಎಸ್‌ಮಾಸ್ಕ್ ಬಿದ್ದುಹೋದರೆ ಎಲ್ಲ ಪರದೆಗಳ ಮೇಲೂ, ವಿಳಾಸ ಸಿಗಲಿಲ್ಲವೆಂಬ ಪಿಎಕ್ಸ್‌ಇ-ಇ51 ದೋಷ ಬರುತ್ತದೆ. ಹೊಸ ಬಳಕೆದಾರರನ್ನು ಸೇರಿಸಿದ ಮೇಲೆ 'ಎಲ್‌ಟಿಎಸ್‌ಪಿ ಇನಿಟ್‌ಆರ್‌ಡಿ' ಆದೇಶ ಕೊಟ್ಟು, ಕ್ಲೈಂಟುಗಳು ಬೂಟ್ ಆಗುವಾಗ ಓದುವ ಆರಂಭದ ಕಡತವನ್ನು ಹೊಸದಾಗಿ ಕಟ್ಟದಿದ್ದರೆ, ಅವರ ಖಾತೆ ಸರ್ವರಿನಲ್ಲಿದ್ದರೂ ಯಾವ ಕ್ಲೈಂಟೂ ಅವರನ್ನು ಒಳಗೆ ಬಿಡುವುದಿಲ್ಲ. ಎರಡೂ ಕಡೆ ಮದ್ದು ಸರ್ವರಿನಲ್ಲೇ ಇರುತ್ತದೆ. ಪ್ರಾಯೋಗಿಕ ಪರೀಕ್ಷೆಯ ದಿನ ನಾನು ಇದೇ ಲೆಕ್ಕಾಚಾರವನ್ನು ಹಿಡಿದು ಸರ್ವರಿನ ಮುಂದೆ ಕುಳಿತೆ.

ಹಿಂದಿನ ಸಂಜೆ ಪರೀಕ್ಷೆಯ ಖಾತೆಗಳನ್ನು ಸೇರಿಸಿ ಇನಿಟ್‌ಆರ್‌ಡಿ ಕಟ್ಟಿದ್ದೆ. ಅಷ್ಟಕ್ಕೇ ನಿಲ್ಲಿಸಬಹುದಾಗಿತ್ತು. ಆದರೆ ಐಡಿಇಯ (ಪ್ರೋಗ್ರಾಂ ಬರೆದು ಓಡಿಸುವ ತಂತ್ರಾಂಶದ) ಹೊಸ ಆವೃತ್ತಿ ಬೇಕೆಂದು ಲ್ಯಾಬ್ ಇನ್‌ಚಾರ್ಜ್ ಮೇಡಂ ಬಹಳ ದಿನಗಳಿಂದ ಕೇಳುತ್ತಿದ್ದುದರಿಂದ, ಅದನ್ನೂ ಹಾಕಿ ಇಮೇಜನ್ನೇ ಹೊಸದಾಗಿ ಕಟ್ಟಿ, ಮುಂದಿನ ಸಾಲಿನ ಎರಡು ಸಿಸ್ಟಂಗಳಲ್ಲಿ ಪರೀಕ್ಷಿಸಿ ಮನೆಗೆ ಹೋಗಿದ್ದೆ. ನಿತ್ಯದ ತರಗತಿಗಳಿಗೆ ಬರುವುದು ಅರ್ಧ ಸೆಕ್ಷನ್ ಮಾತ್ರ. ಪರೀಕ್ಷೆಗೆ ಬ್ಯಾಚ್ ದೊಡ್ಡದಾದ್ದರಿಂದ ಅಂದು ಹಿಂದಿನ ಸಾಲಿನ ಮೂಲೆಯ ಸಿಸ್ಟಂ ಸೇರಿದಂತೆ ಎಲ್ಲ 40 ಸೀಟುಗಳೂ ತುಂಬಿದ್ದವು. ಮೂಲೆಯ ಆ ಯಂತ್ರ ಇತರ ಯಂತ್ರಗಳಿಗಿಂತ ಹಳೆಯದು. ಅದರಲ್ಲಿರುವುದು 2 ಜಿಬಿ ರ‍್ಯಾಮ್ ಮಾತ್ರ.

ಪ್ರಶ್ನೆಗಳನ್ನು ಹಂಚಿ, ರೈಟ್‌ಅಪ್ ಬರೆಸಿ, ವಿದ್ಯಾರ್ಥಿಗಳು ಎಕ್ಸಿಕ್ಯೂಷನ್‌ಗೆಂದು ಸಿಸ್ಟಂಗಳತ್ತ ತಿರುಗಿದ ಹೊತ್ತಿಗೆ ತೊಂದರೆ ಕಾಣಿಸಿಕೊಂಡಿತು. ಮೌಸ್ ಓಡಾಡುತ್ತಿತ್ತು, ಐಡಿಇಯ ಆರಂಭದ ಚಿತ್ರ ಮಾತ್ರ ಪರದೆಯ ನಡುವೆ ನಿಂತೇ ಇತ್ತು. ಕೆಲವರು ಕಂಪೈಲ್ ಒತ್ತಿ ಕಾಯುತ್ತಿದ್ದರು. ಒಂದೆರಡು ಪರದೆಗಳಲ್ಲಿ '192.168.67.1 ನಾಟ್ ರೆಸ್ಪಾಂಡಿಂಗ್, ಸ್ಟಿಲ್ ಟ್ರೈಯಿಂಗ್' ಎಂಬ, ಸರ್ವರ್ ಉತ್ತರಿಸುತ್ತಿಲ್ಲವೆನ್ನುವ ಎನ್‌ಎಫ್‌ಎಸ್ ಸಂದೇಶ ಬಂದಿತ್ತು. ಎಕ್ಸ್‌ಟರ್ನಲ್ ಎಗ್ಸಾಮಿನರ್ ಸೌಮ್ಯ ಸ್ವಭಾವದವರು, ಏನೂ ಅನ್ನಲಿಲ್ಲ. ಕನ್ನಡಕ ತೆಗೆದು ಒರೆಸುತ್ತ ನನ್ನತ್ತ ನೋಡಿದರು. "ಐದು ನಿಮಿಷ ಸರ್" ಎಂದೆ. ಯಾವ ಆಧಾರದ ಮೇಲೆ ಐದು ಎಂದೆನೋ ನನಗೆ ಗೊತ್ತಿಲ್ಲ.

ಸರ್ವರಿನಲ್ಲಿ ನೋಡಿದರೆ ಪ್ರೊಸೆಸರ್ ಹೆಚ್ಚುಕಡಿಮೆ ಖಾಲಿ ಕುಳಿತಿತ್ತು. ಡಿಸ್ಕಿನ ಮೇಲೆ ಒತ್ತಡವಿರಲಿಲ್ಲ, ಮೆಮೊರಿ ಧಾರಾಳವಾಗಿತ್ತು, ಲಾಗ್‌ಗಳಲ್ಲಿ ಒಂದೇ ಒಂದು ದೂರಿರಲಿಲ್ಲ. ಈಗ ಯೋಚಿಸಿದರೆ, ಇಡೀ ದಿನದಲ್ಲಿ ನನಗೆ ಸಿಕ್ಕ ಅತ್ಯಂತ ಸ್ಪಷ್ಟವಾದ ಸುಳಿವು ಅದೇ ಆಗಿತ್ತು. 40 ಕ್ಲೈಂಟುಗಳು ದತ್ತಾಂಶಕ್ಕಾಗಿ ಕಾಯುತ್ತಿರುವಾಗ ಸರ್ವರ್ ಬಿಡುವಾಗಿದೆ ಎಂದರೆ, ಅದರ ಬಳಿ ಕೊಡಲು ಇದೆ, ಆದರೆ ಯಾವುದೋ ಒಂದು ಅದನ್ನು ಕೊಡಲು ಬಿಡುತ್ತಿಲ್ಲ ಎಂದೇ ಅರ್ಥ. ನಾನು ಮಾತ್ರ, ಸರ್ವರ್ ಚೆನ್ನಾಗಿದ್ದರೆ ನಿನ್ನೆ ಕಟ್ಟಿದ ಇಮೇಜೇ ಹಾಳಾಗಿರಬೇಕು ಎಂದು ತೀರ್ಮಾನಿಸಿದೆ. ಕೊನೆಗೆ ಮುಟ್ಟಿದ್ದು ಯಾವುದೋ ಕೆಟ್ಟಿದ್ದೂ ಅದೇ ಎಂಬುದು ನಮ್ಮ ವೃತ್ತಿಯ ಇನ್ನೊಂದು ನಂಬಿಕೆ, ಮತ್ತು ಆ ಕ್ಷಣದಲ್ಲಿ ಎಚ್‌ಒಡಿಯವರು ಬಾಗಿಲಲ್ಲಿ ನಿಂತು "ಏನು, ಮತ್ತೆ ಲಿನಕ್ಸಾ?" ಎಂದು ಕೇಳಿದ್ದು ಯೋಚನೆಗೆ ಸಹಾಯ ಮಾಡಲಿಲ್ಲ.

ಇಮೇಜ್ ಕಟ್ಟುವಾಗ ಹಳೆಯದನ್ನು ಎಲ್‌ಟಿಎಸ್‌ಪಿ ತಾನಾಗಿಯೇ '.ಓಲ್ಡ್' ಎಂಬ ಬಾಲ ಸೇರಿಸಿ ಉಳಿಸಿಕೊಂಡಿರುತ್ತದೆ. ಅದನ್ನು ಹಿಂದಕ್ಕೆ ತಂದು, ಎಲ್ಲರೂ ರೀಬೂಟ್ ಮಾಡಿ ಎಂದು ಹೇಳಿದೆ. ಆ ದಿನದ ಅತ್ಯಂತ ಕೆಟ್ಟ ನಿರ್ಧಾರ ಅದು. ಉಳಿಸದ ಪ್ರೋಗ್ರಾಂಗಳು ಹೋದವು. ಅರ್ಧ ಬರೆದಿದ್ದ ಹುಡುಗಿಯೊಬ್ಬಳು ಅಳುವುದಕ್ಕೆ ತೊಡಗಿದಳು. ಆಗಲೇ ಕಟ್ಟಿಕೊಂಡಿದ್ದ ದಾರಿಯ ಮೇಲೆ 40 ಯಂತ್ರಗಳು ಒಂದೇ ಹೊತ್ತಿಗೆ ಕರ್ನಲ್ಲನ್ನೂ (ಲಿನಕ್ಸಿನ ತಿರುಳು) ಇನಿಟ್‌ಆರ್‌ಡಿಯನ್ನೂ ಕೇಳಿದವು. ಅವನ್ನು ತರುವ ಟಿಎಫ್‌ಟಿಪಿ ಎಂಬ ಸರಳ ವಿಧಾನ ಯುಡಿಪಿಯ ಮೇಲೆ, ಒಂದೊಂದು ತುಂಡಿಗೂ ಉತ್ತರ ಕಾಯುತ್ತ ನಡೆಯುವಂಥದ್ದು. ಕೆಲವು ಸಿಸ್ಟಂಗಳು ಉತ್ತರ ಬರಲಿಲ್ಲವೆಂಬ ಪಿಎಕ್ಸ್‌ಇ-ಇ32 ತೋರಿಸಿ ಅಲ್ಲೇ ಕುಳಿತವು. ಅವನ್ನು ಒಂದೊಂದಾಗಿ ಮತ್ತೆ ಎಬ್ಬಿಸುತ್ತ ನಾನೂ ಅಟೆಂಡರೂ ಸಾಲುಗಳ ನಡುವೆ ಓಡಾಡಿದೆವು. ನಿರ್ವಹಣೆಯ ಗುತ್ತಿಗೆ ಪಡೆದ ಎಎಂಸಿಯವರಿಗೆ ಫೋನ್ ಮಾಡಿದರೆ, ಸರ್ವರನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿ ಎಂದರು. ಪುಣ್ಯಕ್ಕೆ ಅದೊಂದನ್ನು ನಾನು ಮಾಡಲಿಲ್ಲ.

ಸ್ವಲ್ಪ ಹೊತ್ತಿನಲ್ಲಿ ಎಲ್ಲವೂ ಸರಿಹೋಯಿತು. ಐಡಿಇ ಚಕಚಕನೆ ತೆರೆಯಿತು, ಪರೀಕ್ಷೆ ಮುಂದುವರಿಯಿತು. ಹಳೆಯ ಇಮೇಜಿನಿಂದಲೇ ಸರಿಹೋಯಿತೆಂದು ನಂಬಿ, ವಿಭಾಗದ ವಾಟ್ಸ್ಯಾಪ್ ಗುಂಪಿನಲ್ಲಿ ಇಮೇಜ್ ದೋಷವಿತ್ತು, ಸರಿಪಡಿಸಲಾಗಿದೆ ಎಂದು ಬರೆದೂಬಿಟ್ಟೆ. ಮೂಲೆಯ ಸಿಸ್ಟಂ ಎಷ್ಟು ಮಾಡಿದರೂ ಏಳದಿದ್ದುದರಿಂದ ಅಟೆಂಡರ್ ಅದನ್ನು ಆಫ್ ಮಾಡಿ, ಅಲ್ಲಿದ್ದ ಹುಡುಗನನ್ನು ಮೇಡಂ ಅವರ ಟೇಬಲ್ಲಿನ ಸಿಸ್ಟಂಗೆ ಕೂರಿಸಿದ್ದರು. ಇದನ್ನು ಅವರು ನನಗೆ ಹೇಳಿದ್ದರು. ನಾನು ತಲೆಯಾಡಿಸಿದ್ದೆನೇ ಹೊರತು ಕೇಳಿಸಿಕೊಂಡಿರಲಿಲ್ಲ.

ಊಟದ ವಿರಾಮದಲ್ಲಿ ಮನಸ್ಸಿನ ಸಮಾಧಾನಕ್ಕೆಂದು ಸರ್ವರಿನಿಂದ ಮುಂದಿನ ಸಾಲಿನ ಒಂದು ಕ್ಲೈಂಟಿಗೆ, ನೆಟ್‌ವರ್ಕಿನ ವೇಗ ಅಳೆಯುವ ಐಪರ್ಫ್ ಓಡಿಸಿದೆ. ಸೆಕೆಂಡಿಗೆ 940 ಮೆಗಾಬಿಟ್ ಬಂತು. ಗಿಗಾಬಿಟ್ ಈಥರ್ನೆಟ್ಟಿನಲ್ಲಿ ಟಿಸಿಪಿಗೆ ಅದಕ್ಕಿಂತ ಹೆಚ್ಚೇನೂ ಸಿಗುವುದಿಲ್ಲ. ನೆಟ್‌ವರ್ಕಿನ ಮೇಲೆ ಅನುಮಾನ ಪಡುವ ಕಾರಣವೇ ಇಲ್ಲ ಎಂದು ಡಬ್ಬಿ ಬಿಚ್ಚಿದೆ. ಖಾಲಿ ಲ್ಯಾಬಿನಲ್ಲಿ ಅಳೆದ ವೇಗದಿಂದ ತುಂಬಿದ ಲ್ಯಾಬಿನ ಬಗ್ಗೆ ಏನೂ ತಿಳಿಯುವುದಿಲ್ಲ.

ಮಧ್ಯಾಹ್ನದ ಬ್ಯಾಚ್ ಬಂತು, ಮೂಲೆಯ ಸಿಸ್ಟಂ ಈ ಬಾರಿ ಹೇಗೋ ಎದ್ದಿತು, ಮತ್ತು ಎಲ್ಲ ಪರದೆಗಳೂ ಮತ್ತೆ ನಿಂತವು. "ಬೆಳಿಗ್ಗೆ ಸರಿಪಡಿಸಿದ್ದೀರಿ ಎಂದು ಬರೆದಿದ್ದಿರಲ್ಲ?" ಎಂದು ಎಚ್‌ಒಡಿಯವರು ಎಲ್ಲರೆದುರು ಕೇಳಿದರು. ಹೊಸ ಇಮೇಜಿನ ಮೇಲೆ ತಪ್ಪು ಹೊರಿಸುವ ದಾರಿ ಮುಚ್ಚಿದ್ದರಿಂದ, ವಿಧಿಯಿಲ್ಲದೆ ಅದೇ ಐಪರ್ಫನ್ನು ಈಗ, ಎಲ್ಲರೂ ಕುಳಿತಿರುವಾಗಲೇ, ಅದೇ ಕ್ಲೈಂಟಿಗೆ ಓಡಿಸಿದೆ. ಅಂಕಿ ಏರಿಳಿಯುತ್ತ ನೂರರ ಆಸುಪಾಸಿನಲ್ಲೇ ಒದ್ದಾಡುತ್ತಿತ್ತು. ಆ ಬಳಿಕ ಸರ್ವರಿನಲ್ಲಿ ಈಥ್‌ಟೂಲ್‌ಗೆ ದೊಡ್ಡಕ್ಷರದ ಎಸ್ ಆಯ್ಕೆ ಕೊಟ್ಟು ಲ್ಯಾನ್ ಕಾರ್ಡಿನ ಎಣಿಕೆಗಳನ್ನು ತೆಗೆದೆ. ದೋಷದ ಎಣಿಕೆಗಳೆಲ್ಲ ಸೊನ್ನೆ. 'ಆರ್‌ಎಕ್ಸ್ ಫ್ಲೋ ಕಂಟ್ರೋಲ್ ಎಕ್ಸ್‌ಆಫ್' ಎಂಬ ಒಂದು ಸಾಲು ಮಾತ್ರ, ಪ್ರತಿ ಬಾರಿ ಆದೇಶ ಕೊಟ್ಟಾಗಲೂ ದೊಡ್ಡದಾಗುತ್ತಿತ್ತು. ಅಂದರೆ ಲ್ಯಾಬಿನ ಕೇಬಲ್‌ಗಳೆಲ್ಲ ಬಂದು ಸೇರುವ ಸ್ವಿಚ್ಚು ಸರ್ವರಿಗೆ 'ನಿಲ್ಲು' ಎಂದು ಒಂದೇ ಸಮನೆ ಹೇಳುತ್ತಿತ್ತು, ಸರ್ವರ್ ವಿಧೇಯವಾಗಿ ನಿಲ್ಲುತ್ತಿತ್ತು.

802.3ಎಕ್ಸ್ ಎಂಬ 1997ರ ಈಥರ್ನೆಟ್ ಮಾನಕದ ಪಾಸ್ (ಸ್ವಲ್ಪ ತಡೆ ಎನ್ನುವ 'pause') ಫ್ರೇಮ್ ಇದು. ಸರ್ವರಿನಿಂದ ಸ್ವಿಚ್ಚಿಗೆ ಗಿಗಾಬಿಟ್ ವೇಗದಲ್ಲಿ ಬಂದದ್ದನ್ನು ಸ್ವಿಚ್ಚು ಯಾವುದಾದರೂ ನಿಧಾನದ ಪೋರ್ಟಿಗೆ ಕಳುಹಿಸಬೇಕಾದಾಗ ಅದರ ಬಫರ್, ಅಂದರೆ ತಾತ್ಕಾಲಿಕ ಸಂಗ್ರಹ, ತುಂಬುತ್ತದೆ. ಆಗ ಹೆಚ್ಚಿನದನ್ನು ಬಿಸಾಡುವ ಬದಲು, ಕಳುಹಿಸುತ್ತಿರುವವರಿಗೆ ಪಾಸ್ ಫ್ರೇಮ್ ಕಳುಹಿಸಿ ತಡೆಯುತ್ತದೆ. ಗಿಗಾಬಿಟ್ಟಿನಲ್ಲಿ ಒಂದು ತಡೆ ಹೆಚ್ಚೆಂದರೆ 33 ಮಿಲಿಸೆಕೆಂಡಿನಷ್ಟು. ಆದರೆ ಬಫರ್ ತುಂಬುತ್ತಲೇ ಇದ್ದರೆ ತಡೆಯೂ ಬರುತ್ತಲೇ ಇರುತ್ತದೆ. ಮೂಲ ಮಾನಕದಲ್ಲಿ 'ಇಂಥ ಕ್ಲೈಂಟಿಗೆ ಮಾತ್ರ ಕಳುಹಿಸಬೇಡ' ಎಂದು ಹೇಳುವ ಅವಕಾಶವೇ ಇಲ್ಲ. ತಂತಿಯ ಮೇಲೆ ಹೊರಡುವುದೆಲ್ಲವೂ ನಿಲ್ಲುತ್ತದೆ. ಶಿರಾಡಿ ಘಾಟಿಯಲ್ಲಿ ಒಂದು ಟ್ಯಾಂಕರ್ ಏದುಸಿರು ಬಿಡುತ್ತ ಹತ್ತುತ್ತಿದ್ದರೆ ಹಿಂದಿನ ಬಸ್ಸು ಕಾರುಗಳೆಲ್ಲ ಅದರದೇ ವೇಗದಲ್ಲಿ ತೆವಳುವಂತೆ, 39 ಕ್ಲೈಂಟುಗಳ ಪ್ಯಾಕೆಟ್ಟುಗಳು ಒಂದೇ ಕ್ಲೈಂಟಿನವುಗಳ ಹಿಂದೆ ಸಾಲುಗಟ್ಟಿ ನಿಂತಿದ್ದವು.

ನಮ್ಮ ಸ್ವಿಚ್ಚಿನಲ್ಲಿ ಗಿಗಾಬಿಟ್ಟಿಗೆ ಹಸಿರು ದೀಪ, ನೂರಕ್ಕೆ ಕಿತ್ತಳೆ. ರ‍್ಯಾಕಿನ ಬಾಗಿಲು ತೆರೆದು ನೋಡಿದರೆ ಒಂದೇ ಒಂದು ಕಿತ್ತಳೆ ದೀಪ. "ಅದು ಮೂಲೆಯದೇ ಸರ್, ಬೆಳಿಗ್ಗೆ ನಾನು ಆಫ್ ಮಾಡಿದ ಮೇಲೇ ಅಲ್ಲವೇ ಎಲ್ಲ ಸರಿಹೋಗಿದ್ದು?" ಎಂದು ಅಟೆಂಡರ್ ಹೇಳಿದರು. ಅಲ್ಲಿದ್ದ ವಿದ್ಯಾರ್ಥಿಯನ್ನು ಬೇರೆಡೆ ಕೂರಿಸಿ ಆ ಪೋರ್ಟಿನ ಕೇಬಲ್ ಕಿತ್ತೆ. ಕೆಲವೇ ಕ್ಷಣಗಳಲ್ಲಿ ಮುಂದಿನ ಸಾಲಿನಿಂದ ಹಿಂದಿನ ಸಾಲಿನವರೆಗೆ ಐಡಿಇಗಳು ತೆರೆದುಕೊಂಡವು. ಎಕ್ಸ್‌ಟರ್ನಲ್ ಎಗ್ಸಾಮಿನರ್ ಎದ್ದು ಬಂದು ಆ ಕೇಬಲನ್ನು ಕೈಯಲ್ಲಿ ಹಿಡಿದು ನೋಡಿ, "ಇದಾ?" ಎಂದರು.

ಸಂಜೆ ಆ ಕೇಬಲಿಗೆ ಟೆಸ್ಟರ್ ಹಾಕಿದಾಗ 7ನೆಯ ತಂತಿಯ ದೀಪ ಹತ್ತಲಿಲ್ಲ. ಕುರ್ಚಿಯ ಕಾಲಿನಡಿ ಸಿಕ್ಕಿ ಕಂದು ಜೋಡಿಯ ಒಂದು ತಂತಿ ತುಂಡಾಗಿತ್ತು. ಗಿಗಾಬಿಟ್ಟಿಗೆ ನಾಲ್ಕು ಜೋಡಿಗಳೂ ಬೇಕು, ನೂರು ಮೆಗಾಬಿಟ್ಟಿಗೆ 1, 2, 3, 6ನೆಯ ತಂತಿಗಳು ಸಾಕು. ಹಾಗಾಗಿ ಲಿಂಕ್ ಸದ್ದಿಲ್ಲದೆ ನೂರಕ್ಕೆ ಇಳಿದು, ಕೆಲಸವನ್ನೂ ಮಾಡುತ್ತಿತ್ತು. ಪೂರ್ತಿ ತುಂಡಾಗಿದ್ದರೆ ಒಬ್ಬ ವಿದ್ಯಾರ್ಥಿಗೆ ಮಾತ್ರ ತೊಂದರೆಯಾಗುತ್ತಿತ್ತು. ಅದರ ಮೇಲೆ ಆ ಯಂತ್ರದ 2 ಜಿಬಿ ರ‍್ಯಾಮ್. ಐಡಿಇ ತೆರೆದೊಡನೆ ಮೆಮೊರಿ ಸಾಲದೆ, ಇಮೇಜಿನಿಂದ ಓದಿಟ್ಟುಕೊಂಡ ಪುಟಗಳನ್ನು ಕರ್ನಲ್ ಬಿಸಾಡುತ್ತಿತ್ತು, ಮರುಕ್ಷಣ ಅವೇ ಬೇಕಾಗಿ ಮತ್ತೆ ಎನ್‌ಎಫ್‌ಎಸ್ ಮೇಲೆ ತರಿಸಿಕೊಳ್ಳುತ್ತಿತ್ತು. ಉಳಿದವರು ಒಮ್ಮೆ ಓದಿ ಸುಮ್ಮನಾಗುವ ಕಡೆ, ಇದು ಆನ್ ಇದ್ದಷ್ಟು ಹೊತ್ತೂ ಓದುತ್ತಲೇ ಇತ್ತು.

ಈಗ ಸರ್ವರ್ ಏಳುವಾಗ ಸಿಸ್ಟಂಡಿಯ (ಸರ್ವರಿನ ಸೇವೆಗಳನ್ನು ಆರಂಭಿಸುವ ವ್ಯವಸ್ಥೆಯ) ಒಂದು ಪುಟ್ಟ ಯೂನಿಟ್ ಈಥ್‌ಟೂಲ್ ಮೂಲಕ ಫ್ಲೋ ಕಂಟ್ರೋಲನ್ನು, ಅಂದರೆ ಈ ತಡೆಯ ಏರ್ಪಾಟನ್ನು, ಎರಡೂ ದಿಕ್ಕಿನಲ್ಲಿ ಆಫ್ ಮಾಡುತ್ತದೆ. ತರಗತಿಯ ನಡುವೆ ಇದನ್ನು ಕೈಯಿಂದ ಮಾಡಹೊರಟರೆ ಲಿಂಕ್ ಒಮ್ಮೆ ಬಿದ್ದು ಏಳುತ್ತದೆ ಎಂಬುದನ್ನು ನೆನಪಿಡಬೇಕು. ಆಫ್ ಮಾಡಿದ ಮೇಲೆ ನಿಧಾನದ ಪೋರ್ಟಿಗೆ ಹೋಗುವ ಹೆಚ್ಚಿನ ಪ್ಯಾಕೆಟ್ಟುಗಳನ್ನು ಸ್ವಿಚ್ಚು ಬಿಸಾಡುತ್ತದೆ, ಟಿಸಿಪಿ ಅದನ್ನು ಗಮನಿಸಿ ಆ ಒಂದು ಕ್ಲೈಂಟಿಗೆ ಮಾತ್ರ ವೇಗ ಇಳಿಸುತ್ತದೆ. ಪ್ಯಾಕೆಟ್ ಕಳೆದುಕೊಳ್ಳುವುದು ಒಳ್ಳೆಯದು ಎಂದು ಕಮಿಟಿಯ ಸಭೆಯಲ್ಲಿ ವಿವರಿಸುವುದು ಸುಲಭವಲ್ಲ. ನಾನು ಪ್ರಯತ್ನಿಸಿ ಬಿಟ್ಟಿದ್ದೇನೆ. ಎಲ್‌ಟಿಎಸ್‌ಪಿಯ ಕಾನ್ಫಿಗ್ ಕಡತದಲ್ಲಿ ಇನ್ನೊಂದು ಸಾಲು ಸೇರಿಸಿ, ಪ್ರತಿ ಕ್ಲೈಂಟ್ ಬೂಟ್ ಆಗುವಾಗ ತನ್ನ ಲಿಂಕಿನ ವೇಗವನ್ನು ಸರ್ವರಿನ ಲಾಗಿಗೆ ಕಳುಹಿಸುವಂತೆಯೂ ಮಾಡಿದ್ದೇನೆ. ಪರೀಕ್ಷೆಯ ಹಿಂದಿನ ದಿನ ಇಮೇಜ್ ಮುಟ್ಟುವುದಿಲ್ಲ, ಮೇಡಂ ಎಷ್ಟೇ ಕೇಳಿದರೂ.

ಆ ವರ್ಷ ಪರ್ಚೇಸ್ ಕಮಿಟಿ 64 ಜಿಬಿ ರ‍್ಯಾಮಿನ ಸರ್ವರನ್ನು ಒಂದೇ ಸಭೆಯಲ್ಲಿ ಒಪ್ಪಿತ್ತು. ಪ್ರೋಗ್ರಾಂಗಳೆಲ್ಲ ಕ್ಲೈಂಟಿನಲ್ಲೇ ಓಡುವಾಗ ಅದರ ಬಹುಪಾಲು ಸುಮ್ಮನೆ ಕುಳಿತಿರುತ್ತದೆ. ಸ್ವಿಚ್ಚುಗಳು ಮಾತ್ರ ಅತಿ ಕಡಿಮೆ ಕೊಟೇಶನ್ನಿನ ಅನ್‌ಮ್ಯಾನೇಜ್ಡ್ ಸ್ವಿಚ್ಚುಗಳು. ಯಾವ ಪೋರ್ಟು ಯಾವ ವೇಗದಲ್ಲಿದೆ ಎಂದು ತಿಳಿಯಲು ರ‍್ಯಾಕಿನ ಮುಂದೆ ಮಂಡಿಯೂರಬೇಕು. ಮ್ಯಾನೇಜ್ಡ್ ಸ್ವಿಚ್ಚಿಗಾಗಿ ನಾನು ಹಾಕಿದ ಇಂಡೆಂಟ್, ದೋಷ ಕೇಬಲಿನದೆಂದು ತಾವೇ ವರದಿ ಮಾಡಿದ್ದೀರಿ ಎಂಬ ಷರಾದೊಂದಿಗೆ ಹಿಂದಕ್ಕೆ ಬಂದಿತು. ಮೂಲೆಯ ಯಂತ್ರಕ್ಕೆ ರ‍್ಯಾಮ್ ಕೇಳಿದ ಇಂಡೆಂಟ್ ಇನ್ನೂ ಅಕೌಂಟ್ಸ್‌ನಲ್ಲಿದೆ. ಅಲ್ಲಿಯವರೆಗೆ ಪರೀಕ್ಷೆಗಳಲ್ಲಿ ಆ ಸೀಟಿಗೆ ನಂಬರ್ ಹಾಕುವುದಿಲ್ಲ, ಬ್ಯಾಚಿಗೆ 39 ಎಂದು ಮೇಡಂ ಒಪ್ಪಿಕೊಂಡಿದ್ದಾರೆ.