ಡಬಲ್ ಪೆಡಲ್ ಅಭ್ಯಾಸ, ಹದಿನಾಲ್ಕನೇ ವಾರ: ಎಡಗಾಲಿಗೆ ತಕಿಟ ಪಾಠ

ಡ್ರಮ್ ಸೆಟ್ಟಿನ ದೊಡ್ಡ ಬಾಸ್ ಡ್ರಮ್ಮನ್ನು ಎರಡೂ ಕಾಲಿಂದ ಬಾರಿಸುವುದಕ್ಕೆ ಇರುವುದು ಡಬಲ್ ಪೆಡಲ್; ಪೆಡಲ್ ತುಳಿದರೆ ಬೀಟರ್, ಅಂದರೆ ಸುತ್ತಿಗೆಯಂಥ ಕೋಲು, ಹೋಗಿ ಡ್ರಮ್ಮಿಗೆ ಹೊಡೆಯುತ್ತದೆ. ಹೋದ ಸಲ ಬರೆದಾಗ 160ರ ವೇಗದಲ್ಲೇ ನಿಂತಿದ್ದೆ. ತಾಳ ಹಿಡಿಯುವ ಮೆಟ್ರೊನೋಮ್ 160 ಬಿಪಿಎಂ (ನಿಮಿಷಕ್ಕೆ 160 ಬೀಟು), ಬೀಟಿಗೆ ನಾಲ್ಕು ಏಟು, ಅಂದರೆ ನಿಮಿಷಕ್ಕೆ 640, ಒಂದೊಂದು ಕಾಲಿಗೆ 320. ಅಲ್ಲಿಯವರೆಗೆ ಏನೂ ತೊಂದರೆ ಇರಲಿಲ್ಲ. 165ಕ್ಕೆ ಏರಿಸಿದರೆ ಸಾಕು, ಎಂಟು ಬಾರ್, ಅಂದರೆ ತಾಳದ ಎಂಟು ಸುತ್ತು, ಮುಗಿಯುವಷ್ಟರಲ್ಲಿ ತೊಡೆ ಬಿಗಿದು ಕಲ್ಲಾಗುತ್ತಿತ್ತು, ಆಮೇಲೆ ಎಡಗಾಲು ತಡವರಿಸಲು ಶುರು ಮಾಡುತ್ತಿತ್ತು. ಐದು ವಾರ ಅದೇ ಪಾಡು. ಮೊನ್ನೆ ಭಾನುವಾರ 172ರಲ್ಲಿ ಪೂರ್ತಿ ಒಂದು ನಿಮಿಷ ಬಾರಿಸಿದೆ, ಎಲ್ಲೂ ಬಿಗಿಯಲಿಲ್ಲ. ಹೇಗಾಯಿತು ಅನ್ನುವುದನ್ನು ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ.

ವೇಗ ಕಡಿಮೆ ಇದ್ದಾಗ ಇಡೀ ಕಾಲು ಎತ್ತಿ ಬಾರಿಸುತ್ತೇವೆ. ತೊಡೆ ಮೇಲೇಳುತ್ತದೆ, ಕಾಲಿನ ಭಾರವೇ ಪೆಡಲ್ ಮೇಲೆ ಬೀಳುತ್ತದೆ, ಒಳ್ಳೆ ದಪ್ಪ ಸದ್ದು ಬರುತ್ತದೆ. 180 ದಾಟಿದ ಮೇಲೆ ನನ್ನ ಕಾಲಲ್ಲಿ ಅದು ನಡೆಯಲ್ಲ. ಅಲ್ಲಿ ತೊಡೆ ಹೆಚ್ಚುಕಡಿಮೆ ಅಲುಗಾಡದೆ ಇರಬೇಕು, ಹಿಮ್ಮಡಿ ಪೆಡಲಿಗಿಂತ ಎರಡು ಬೆರಳು ಮೇಲೆ ತೇಲಬೇಕು, ಕುಣಿಯುವುದು ಪಾದದ ಗಿಣ್ಣು ಮಾತ್ರ. ನಡುವಿನ 160ರಿಂದ 180 ಇದೆಯಲ್ಲ, ಅದೇ ಕಷ್ಟದ ಜಾಗ. ಇಡೀ ಕಾಲಿಗೆ ಅದು ಜಾಸ್ತಿ ಜೋರು, ಗಿಣ್ಣಿಗೆ ಜಾಸ್ತಿ ನಿಧಾನ. ಗಿಣ್ಣಿಗೆ ನಿಧಾನ ಯಾಕೆ ಅಂತ ತುಂಬಾ ದಿನ ನನಗೆ ಅರ್ಥ ಆಗಿರಲಿಲ್ಲ. ಬೀಟರನ್ನು ಸ್ಪ್ರಿಂಗ್ ಹಿಂದಕ್ಕೆ ಎಳೆಯುತ್ತದೆ, ಆ ಎಳೆತಕ್ಕೆ ತನ್ನದೇ ಒಂದು ಲಯ ಇರುತ್ತದೆ. ಮಗುವನ್ನು ಉಯ್ಯಾಲೆಯಲ್ಲಿ ಕೂರಿಸಿ ತಳ್ಳಿದವರಿಗೆ ಇದು ಗೊತ್ತು: ಅದು ಹಿಂದೆ ಬಂದು ನಿಂತ ಗಳಿಗೆಯಲ್ಲೇ ಕೈ ಹಚ್ಚಬೇಕು, ಸ್ವಲ್ಪ ಮುಂಚೆ ಹಚ್ಚಿದರೂ ತಡ ಮಾಡಿದರೂ ನಮ್ಮ ರಟ್ಟೆಯೇ ನೋಯುತ್ತದೆ. ನಾನು 165ರಲ್ಲಿ ಮಾಡುತ್ತಿದ್ದದ್ದು ಅದೇ ತಪ್ಪು. ಉಯ್ಯಾಲೆ ಬರುವ ಮುಂಚೆಯೇ ತೊಡೆಯಿಂದ ತಳ್ಳುತ್ತಿದ್ದೆ.

ಹಾಗಾಗಿ ಕೆಳಗಿನಿಂದ ಹತ್ತುವುದನ್ನು ಬಿಟ್ಟು ಮೇಲಿನಿಂದ ಇಳಿಯಲು ಶುರು ಮಾಡಿದೆ. ಮೆಟ್ರೊನೋಮ್ ನೇರ 188ಕ್ಕೆ. ಒಂದೇ ಬಾರ್ ಗಿಣ್ಣಿನಿಂದ ಬಾರಿಸುವುದು, ಒಂದು ಬಾರ್ ಪೂರ್ತಿ ವಿರಾಮ. ಸದ್ದು ಹೇಗೇ ಬರಲಿ, ಬಿಗಿತ ಬರಬಾರದು ಅನ್ನುವುದೊಂದೇ ನಿಯಮ. ಮೂರು ದಿನ ಅಷ್ಟೇ ಮಾಡಿದೆ. ಆಮೇಲೆ 184, 180, 176 ಅಂತ ಇಳಿಸುತ್ತಾ ಬಂದೆ. 176ಕ್ಕೆ ಬಂದಾಗ ಕಾಲು ತಾನಾಗಿಯೇ ಚಲನೆ ಸ್ವಲ್ಪ ದೊಡ್ಡದು ಮಾಡಿಕೊಂಡಿತು, ತೊಡೆ ಒಂಚೂರು ಸೇರಿಕೊಂಡಿತು. ಆ ಹದವನ್ನು ಹೇಳಿಕೊಟ್ಟು ಕಲಿಸಲು ಆಗಲ್ಲ, ಆದರೆ ಮೇಲಿನಿಂದ ಬಂದರೆ ಸಿಗುತ್ತದೆ ಅನ್ನುವುದನ್ನು ಮಾತ್ರ ಧೈರ್ಯವಾಗಿ ಹೇಳುತ್ತೇನೆ.

ಪಾದ ಇಡುವ ಜಾಗವೂ ಬದಲಾಯಿತು. ಇಡೀ ಕಾಲಿಂದ ಬಾರಿಸುವಾಗ ನನ್ನ ಬೆರಳು ಪೆಡಲಿನ ತುದಿ ಹತ್ತಿರ ಇರುತ್ತಿತ್ತು. ಗಿಣ್ಣಿಗೆ ಅದು ಸರಿಹೋಗಲಿಲ್ಲ, ಮೂರು ಸೆಂಟಿಮೀಟರ್ ಹಿಂದೆ ಸರಿಸಿದರೆ ಸ್ಪ್ರಿಂಗ್ ಪಾದದ ಕೆಳಗೇ ಪುಟಿಯುವುದು ಗೊತ್ತಾಗುತ್ತದೆ. ಅಲ್ಲಿಗೆ ಬಿಳಿ ಇನ್ಸುಲೇಷನ್ ಟೇಪ್ ಅಂಟಿಸಿದ್ದೇನೆ. ಸ್ಟೂಲನ್ನೂ ಎತ್ತರಿಸಿದೆ, ಸೊಂಟ ಮಂಡಿಗಿಂತ ಸ್ವಲ್ಪ ಮೇಲಿರುವ ಹಾಗೆ.

ಇನ್ನು ಎಡಗಾಲು. ಮೊಬೈಲನ್ನು ನೆಲದ ಮೇಲೆ ಪಕ್ಕದಿಂದ ಇಟ್ಟು ಸ್ಲೋ ಮೋಷನ್‌ನಲ್ಲಿ ರೆಕಾರ್ಡ್ ಮಾಡಿ ನೋಡಿದೆ. ಬಲಗಡೆ ಬೀಟರ್ ಪೂರ್ತಿ ಹಿಂದೆ ಹೋಗಿ ಬಂದು ಹೊಡೆಯುತ್ತಿದೆ. ಎಡಗಡೆಯದು ಅರ್ಧ ದಾರಿ ಹೋಗಿ, ಅಲ್ಲಿಂದಲೇ ವಾಪಸ್ಸು ಬಂದು ಸುಮ್ನೆ ಮುಟ್ಟಿದ ಹಾಗೆ ಮಾಡುತ್ತಿದೆ! ಕಿವಿಗೆ ಇದು ಅಷ್ಟಾಗಿ ಗೊತ್ತಾಗಿರಲಿಲ್ಲ, ನೋಡಿದ ಮೇಲೆ ಮಾತ್ರ ಪ್ರತಿ ಏಟಲ್ಲೂ ಕೇಳಿಸತೊಡಗಿತು. ತಪ್ಪು ಪೂರ್ತಿ ಕಾಲಿನದ್ದೂ ಆಗಿರಲಿಲ್ಲ. ಡಬಲ್ ಪೆಡಲಿನಲ್ಲಿ ಎಡಗಡೆಯ ಏಟು ಒಂದು ಶಾಫ್ಟ್ (ಎರಡು ಪೆಡಲ್ ಜೋಡಿಸುವ ಸರಳು), ಅದರ ಎರಡು ತುದಿಯ ಜಾಯಿಂಟ್ ದಾಟಿ ಬೀಟರ್ ಮುಟ್ಟಬೇಕು, ಅದಕ್ಕೇ ಅದು ಯಾವಾಗಲೂ ಸ್ವಲ್ಪ ಭಾರ ಅನ್ನಿಸುತ್ತದೆ. ನನ್ನ ಶಾಫ್ಟ್ ಓರೆಯಾಗಿ ಕೂತಿತ್ತು. ಎಡ ಪೆಡಲ್ ಮುಂದಕ್ಕೆ ಸರಿಸಿ ಆದಷ್ಟು ನೇರ ಮಾಡಿದೆ, ಜಾಯಿಂಟಿಗೆ ಒಂದೊಂದು ತೊಟ್ಟು ಎಣ್ಣೆ ಬಿಟ್ಟೆ, ಎಡಗಡೆ ಸ್ಪ್ರಿಂಗನ್ನು ಎರಡು ಸುತ್ತು ಜಾಸ್ತಿ ಬಿಗಿ ಮಾಡಿದೆ. ಅಷ್ಟಕ್ಕೇ ಅರ್ಧ ಸಮಸ್ಯೆ ಹೋಯಿತು.

ಉಳಿದರ್ಧಕ್ಕೆ ಉಪಾಯ ಸಿಕ್ಕಿದ್ದು ಮೃದಂಗದಿಂದ. ಚಿಕ್ಕವನಿದ್ದಾಗ ಎರಡು ವರ್ಷ ಪಾಠಕ್ಕೆ ಹೋಗಿದ್ದೆ, ಕೈ ಮರೆತಿದ್ದರೂ ಬಾಯಿ ಮರೆತಿಲ್ಲ, ಏಟಿಗೊಂದು ಅಕ್ಷರ ಹೇಳುವ ಸೊಲ್ಲು ಇನ್ನೂ ನೆನಪಿದೆ. ಬಲ, ಎಡ, ಬಲ, ಎಡ ಅಂತ ಬೀಟಿಗೆ ನಾಲ್ಕು ಏಟಿನ ತಕಧಿಮಿ ಬಾರಿಸಿದರೆ ಪ್ರತಿ ಬೀಟೂ ಬಲಗಾಲಿಗೇ ಬೀಳುತ್ತದೆ. ಎಡಗಾಲು ಯಾವತ್ತೂ ‘ತ’ ಹೇಳಲ್ಲ, ಯಾವಾಗಲೂ ಹಿಂದೆ ಹಿಂದೆ ಬರುವ ‘ಕ’, ‘ಮಿ’ ಅಷ್ಟೇ. ಅದನ್ನೇ ಬೀಟಿಗೆ ಮೂರು ಏಟಿನ ತಕಿಟ ಮಾಡಿದರೆ ಮೊದಲ ತಕಿಟ ಬಲದಿಂದ ಶುರು, ಎರಡನೆಯದು ಎಡದಿಂದ. ಬೀಟ್ ಒಮ್ಮೆ ಈ ಕಾಲಿಗೆ, ಒಮ್ಮೆ ಆ ಕಾಲಿಗೆ. 110ರಲ್ಲಿ ಶುರು ಮಾಡಿದೆ, ನಿಮಿಷಕ್ಕೆ ಬರೀ 330 ಏಟು, ಸುಲಭದ ವೇಗ, ಆದರೂ ಮೊದಲ ದಿನ ಎಡಗಾಲಿನ ‘ತ’ ಬಂದಾಗೆಲ್ಲ ಮೈಯೆಲ್ಲ ಆ ಕಡೆ ವಾಲುತ್ತಿತ್ತು. ಒಂದು ವಾರಕ್ಕೆ ಸರಿಹೋಯಿತು. ಈಗ ಐದಕ್ಕೆ ಹೋಗಿದ್ದೇನೆ, ತಕತಕಿಟ. ಅದೂ ಬೆಸ ಸಂಖ್ಯೆ, ಅದರಲ್ಲೂ ಕಾಲು ಅದಲುಬದಲು. ಬಾಯಲ್ಲಿ ಜೋರಾಗಿ ಹೇಳಿಕೊಂಡೇ ಬಾರಿಸಬೇಕು, ಮನಸ್ಸಲ್ಲಿ ಹೇಳಿಕೊಂಡರೆ ಸಾಲದು.

2011ರ ಅಕ್ಟೋಬರ್ 30ಕ್ಕೆ ಅಮೆರಿಕದ ಮೆಟಲ್ ಬ್ಯಾಂಡ್ ಮೆಟಾಲಿಕಾ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ನಾನು ಜನರ ನಡುವೆ ನಿಂತು ಅವರ ‘ಒನ್’ ಹಾಡು ಕೇಳಿದ್ದೆ. ಅದರ ಕೊನೆ ಕಡೆ ಬರುವ ಆ ಮೆಷಿನ್ ಗನ್ ಏಟು ಆರಾರರ ಗುಂಪು, ಅಂದರೆ ಎರಡೆರಡು ತಕಿಟ. ಆಗ ಎದೆಗೆ ಬಡಿದದ್ದು ಮಾತ್ರ ಗೊತ್ತು, ಎಣಿಸಲು ಈಗ ಬಂತು. ಹಾಗಂತ ಎರಡು ಪೆಡಲ್ ಇಲ್ಲದೆ ಆಗಲ್ಲ ಅಂತಲೂ ಇಲ್ಲ. 2007ರ ಮಾರ್ಚಿನಲ್ಲಿ ಅದೇ ಮೈದಾನದಲ್ಲಿ ಬ್ರಿಟನ್ನಿನ ಬ್ಯಾಂಡ್ ಐರನ್ ಮೇಡನ್ ಬಾರಿಸಿತ್ತು, ಅವರ ಆಗಿನ ಡ್ರಮ್ಮರ್ ನಿಕೋ ಮ್ಯಾಕ್‌ಬ್ರೇನ್ ಹೆಸರು ಮಾಡಿರುವುದೇ ಒಂಟಿ ಪೆಡಲಿಗೆ. ಆ ಒಂದು ಬಲಗಾಲಿನ ಮೇಲೆ ನನಗೆ ತುಂಬಾ ಗೌರವ.

ಕೆಳಗಿನ ಮನೆಯವರ ವಿಷಯ. ಸದ್ದಿಗಿಂತ ನೆಲದ ಗುದ್ದು ಅವರಿಗೆ ತೊಂದರೆ ಕೊಡುತ್ತಿತ್ತು. ಎರಡು ಪ್ಲೈವುಡ್ ಹಲಗೆಯಲ್ಲಿ ತೂತು ಕೊರೆದು, ನಡುವೆ ಹಳೇ ಟೆನಿಸ್ ಬಾಲ್ ಕೂರಿಸಿ, ಅದರ ಮೇಲೆ ಡ್ರಮ್ಮಿನ ಬದಲಿಗೆ ಬಾರಿಸುವ ಪ್ಯಾಡು, ಪೆಡಲು, ಸ್ಟೂಲು ಎಲ್ಲ ಇಟ್ಟೆ. ಈಗ ರಾತ್ರಿ ಒಂಬತ್ತರವರೆಗೆ ಅವರದೇನೂ ಅಭ್ಯಂತರ ಇಲ್ಲ.

ನೋವಿನ ಬಗ್ಗೆ ಕೇಳಿದ್ದವರಿಗೆ: ಮೊಣಕಾಲಿನ ಕೆಳಗೆ ಮುಂಭಾಗದಲ್ಲಿ, ಮೂಳೆ ಪಕ್ಕದ ಸ್ನಾಯು ಉರಿದರೆ ನಾನು ಒಂದು ನಿಮಿಷ ಬಿಟ್ಟು ಮತ್ತೆ ಕೂರುತ್ತೇನೆ. ಚುಚ್ಚಿದ ಹಾಗೆ ನೋವು ಬಂದರೆ ಅವತ್ತಿಗೆ ನಿಲ್ಲಿಸುತ್ತೇನೆ.

ನಿನ್ನೆಯ ಲೆಕ್ಕ: 172ರಲ್ಲಿ ಒಂದೇ ಕಾಲು, ಬೀಟಿಗೆ ಎರಡು ಏಟು, ಸಮವಾಗಿ ಬರುವಷ್ಟು ಹೊತ್ತು. ಬಲಗಾಲು 80 ಸೆಕೆಂಡ್. ಎಡಗಾಲು 34. ಮೂರು ವಾರದ ಹಿಂದೆ ಅದು 11 ಇತ್ತು. ಇವತ್ತು ಸಂಜೆ ಮತ್ತೆ ಎಡದಿಂದಲೇ ಶುರು.