ಎಲ್ರೂ ಬ್ಯಾಟರಿ ಬಗ್ಗೆ ಕೇಳ್ತಾರೆ

ಪೇಸ್‌ಮೇಕರ್ ಹಾಕಬೇಕು ಅಂದ ಕೂಡಲೇ ಮನೆಯವರು ಏನೇನು ಕೇಳ್ತಾರೆ ಅನ್ನೋದು ನನಗೆ ಬಾಯಿಪಾಠ ಆಗಿದೆ. ಯಾವ ಕಂಪನಿದು? ಎಷ್ಟು ವರ್ಷ ಬರುತ್ತೆ? ಎಂಆರ್‌ಐ ಮಾಡಿಸಬಹುದಾ? ಒಬ್ಬರಂತೂ "ದುಡ್ಡು ಜಾಸ್ತಿ ಆದ್ರೂ ಪರವಾಗಿಲ್ಲ, ದೊಡ್ಡ ಬ್ಯಾಟರಿನೇ ಹಾಕಿ" ಅಂದಿದ್ದರು. ಬ್ಯಾಟರಿಯಿಂದ ಹೊರಡುವ ತಂತಿಯ ತುದಿ ಹೃದಯದಲ್ಲಿ ಎಲ್ಲಿ ಹೋಗಿ ಕೂರುತ್ತೆ ಅಂತ ಮಾತ್ರ ಯಾರೂ ಕೇಳುವುದಿಲ್ಲ. ಕ್ಯಾತ್ ಲ್ಯಾಬ್, ಅಂದರೆ ರಕ್ತನಾಳದ ಮೂಲಕ ಹೃದಯಕ್ಕೆ ಚಿಕಿತ್ಸೆ ಮಾಡುವ ಕೋಣೆ, ಅಲ್ಲಿ ಟೆಕ್ನಿಷಿಯನ್ ಆಗಿರುವ ನನಗೆ ಈಗೀಗ ಅದೇ ದೊಡ್ಡ ಪ್ರಶ್ನೆ.

ಅವತ್ತು ಬಂದವರು ಮಂಡ್ಯ ಕಡೆಯ ಒಬ್ಬ ಅಜ್ಜಿ. ಹಿತ್ತಿಲಲ್ಲಿ ಪಾತ್ರೆ ತೊಳೆಯುವಾಗ ಕಣ್ಣು ಕತ್ತಲೆ ಬಂದು ಬಿದ್ದಿದ್ದರು. ಇಸಿಜಿಯಲ್ಲಿ ಕಂಪ್ಲೀಟ್ ಹಾರ್ಟ್ ಬ್ಲಾಕ್. ಮೇಲಿನ ಕೋಣೆಗಳು ನಿಮಿಷಕ್ಕೆ 90 ಸಲ ಬಡಿಯುತ್ತಿದ್ದವು, ಕೆಳಗಿನವು 36. ಒಂದರ ಮಾತು ಇನ್ನೊಂದಕ್ಕೆ ತಲುಪುತ್ತಲೇ ಇರಲಿಲ್ಲ. ತೊಡೆಯ ರಕ್ತನಾಳದಿಂದ ಟೆಂಪರರಿ ತಂತಿ ಹಾಕಿ ಸದ್ಯಕ್ಕೆ ಸಂಭಾಳಿಸಿದ್ದರು.

ಮಗನಿಗೆ ಒಂದೇ ಅನುಮಾನ. ಅವರ ಸಂಬಂಧಿಕರೊಬ್ಬರಿಗೆ ಪೇಸ್‌ಮೇಕರ್ ಹಾಕುವ ಕೆಲಸ ಬೇಗ ಮುಗಿದಿತ್ತಂತೆ, ಅಮ್ಮನಿಗೆ ಯಾಕೆ ಹೆಚ್ಚು ಹೊತ್ತು? ಡಾಕ್ಟರ್ ಕೇಳಿದರು, "ನಿಮ್ಮ ಗದ್ದೆಗೆ ನಾಲೆ ನೀರು ತಾನೇ? ಕಾಲುವೇಲಿ ಬಂದ್ರೆ ಎಲ್ಲ ಗದ್ದೆಗೂ ಸರಿಯಾಗಿ ಸಿಗುತ್ತೆ. ಕಾಲುವೆ ಬಿಟ್ಟು ಒಂದು ಮೂಲೇಲಿ ನೀರು ಬಿಟ್ಟು, ಬದು ದಾಟಿ ದಾಟಿ ಹೋಗಲಿ ಅಂದ್ರೆ?" ಮಗ ನಕ್ಕರು. "ಕಡೇ ಗದ್ದೆಗೆ ಹೊತ್ತಾಗುತ್ತೆ ಸಾರ್."

ವಿಷಯ ಅಷ್ಟೇ. ಹೃದಯಕ್ಕೆ ಅದರದ್ದೇ ವೈರಿಂಗ್ ಇದೆ. ಮೇಲಿನಿಂದ ಬಂದ ಸಿಗ್ನಲ್, ಮೇಲಿನ ಕೆಳಗಿನ ಕೋಣೆಗಳ ನಡುವಿನ ಎವಿ ನೋಡ್ ಎಂಬ ಗಂಟನ್ನು ದಾಟಿ, ಹಿಸ್ ಬಂಡಲ್ ಎಂಬ ಸಣ್ಣ ಕಟ್ಟಿನೊಳಗೆ ಇಳಿದು, ಎಡ ಬಲ ಕವಲಾಗಿ ಹರಡುತ್ತದೆ. ವಿಲ್ಹೆಲ್ಮ್ ಹಿಸ್ ಅದನ್ನು ವಿವರಿಸಿದ್ದು 1893ರಲ್ಲಿ. ಆದರೆ ದಶಕಗಳಿಂದ ನಾವು ತಂತಿಯನ್ನು ಬಲಗಡೆ ಕೆಳಕೋಣೆಯ ಸ್ನಾಯುವಿಗೆ ಸಿಕ್ಕಿಸುತ್ತಾ ಬಂದೆವು. ಸುಲಭ, ಬೇಗ ಆಗುತ್ತೆ, ಜೀವ ಉಳಿಯುತ್ತೆ. ಆದರೆ ಕರೆಂಟು ಸ್ನಾಯುವಿನಿಂದ ಸ್ನಾಯುವಿಗೆ ನಿಧಾನವಾಗಿ ಹೋಗುತ್ತದೆ. ಬಲಭಾಗ ಮೊದಲು ಬಡಿಯುತ್ತೆ, ಎಡಭಾಗ ಹಿಂದೆ ಬೀಳುತ್ತೆ. ಎಷ್ಟೋ ಜನ ಹೀಗೇ ಆರಾಮಾಗಿ ಬಾಳಿದ್ದಾರೆ, ಹಳೇ ಪದ್ಧತಿಯನ್ನು ಬೈಯುವವನು ನಾನಲ್ಲ. ಆದರೆ ಪ್ರತಿ ಬಡಿತಕ್ಕೂ ಪೇಸ್‌ಮೇಕರನ್ನೇ ನಂಬಿದವರಲ್ಲಿ ಕೆಲವರಿಗೆ ವರ್ಷಗಳು ಕಳೆದಂತೆ ಹೃದಯದ ಪಂಪಿಂಗ್ ಸೋಲುತ್ತದೆ. ಅಜ್ಜಿ ಅಂಥ ಗುಂಪಿಗೇ ಸೇರಿದವರು.

2000ರಲ್ಲಿ ಅಮೆರಿಕದಲ್ಲಿ ಪ್ರಮೋದ್ ದೇಶಮುಖ್ ಮತ್ತು ಜೊತೆಯವರು ನೇರ ಹಿಸ್ ಬಂಡಲ್ಲಿಗೇ ಕಾಯಂ ಪೇಸಿಂಗ್ (ಕರೆಂಟು ಕೊಟ್ಟು ಹೃದಯ ಬಡಿಸುವುದು) ಮಾಡಿದ್ದನ್ನು ಪ್ರಕಟಿಸಿದರು. ಐಡಿಯಾ ಚೆನ್ನಾಗಿತ್ತು. ಆದರೆ ಆ ಜಾಗ ಸಿಗುವುದೇ ಕಷ್ಟ, ಸಿಕ್ಕರೂ ಎಷ್ಟೋ ಸಲ ಜಾಸ್ತಿ ವೋಲ್ಟ್ ಬೇಕು, ಬ್ಯಾಟರಿ ಬೇಗ ಖಾಲಿ. 2017ರಲ್ಲಿ ಚೀನಾದ ವೈಜಿಯಾನ್ ಹುವಾಂಗ್ ತಂಡ ಇನ್ನೊಂದು ದಾರಿ ತೋರಿಸಿತು. ಎರಡು ಕೆಳಕೋಣೆಗಳ ನಡುವಿನ ಗೋಡೆ ಇದೆಯಲ್ಲ, ಸೆಪ್ಟಮ್, ಅದರೊಳಗೆ ಬಲಗಡೆಯಿಂದ ಲೀಡನ್ನು, ಅಂದರೆ ಪೇಸ್‌ಮೇಕರ್ ತಂತಿಯನ್ನು, ತಿರುಗಿಸುತ್ತಾ ಹೋಗಿ ಎಡ ಕವಲಿನ ಹತ್ತಿರ ನಿಲ್ಲಿಸುವುದು. ನಾವು ಅವತ್ತು ಮಾಡಿದ್ದು ಇದನ್ನೇ.

ಎಡ ಕಾಲರ್ ಮೂಳೆಯ ಕೆಳಗೆ ಮರಗಟ್ಟುವ ಇಂಜೆಕ್ಷನ್ ಮಾತ್ರ ಕೊಟ್ಟಿದ್ದರಿಂದ ಅಜ್ಜಿಗೆ ಎಚ್ಚರ ಇತ್ತು. "ಇನ್ನೂ ಎಷ್ಟೊತ್ತು ಮಗಾ?" ಅಂತ ಆಗಾಗ ವಿಚಾರಿಸುತ್ತಿದ್ದರು. ಲೀಡ್ ಒಂದೂವರೆ ಮಿಲಿಮೀಟರಿಗಿಂತ ಸಪೂರ, ತುದಿಯಲ್ಲಿ ಪುಟ್ಟ ಸ್ಕ್ರೂ. ಮೊದಲ ಜಾಗದಲ್ಲಿ ಅದು ಸುಮ್ನೆ ತಿರುಗಿತೇ ಹೊರತು ಒಳಗೆ ಹೋಗಲಿಲ್ಲ. ಹೊರಗೆ ತೆಗೆದು ನೋಡಿದರೆ ಸ್ಕ್ರೂ ಸುರುಳಿಯಲ್ಲಿ ಚೂರು ಅಂಗಾಂಶ ಸಿಕ್ಕಿಕೊಂಡಿತ್ತು. ಡಾಕ್ಟರ್ ಅದನ್ನು ಬಿಡಿಸಿ, ಒರೆಸಿ, ಸ್ವಲ್ಪ ಪಕ್ಕದ ಜಾಗ ಹಿಡಿದರು.

ನನ್ನ ಕಣ್ಣು ಇಸಿಜಿಯ ಹಲವು ಗೆರೆಗಳಲ್ಲಿ ವಿ1 ಅನ್ನೋ ಒಂದು ಗೆರೆ ಮೇಲೆ. ಗೋಡೆಯ ಮೇಲ್ಮೈಯಲ್ಲಿ ಪೇಸ್ ಮಾಡಿದಾಗ ಅದು ಡಬ್ಲ್ಯೂ ಅಕ್ಷರದ ಹಾಗೆ ಕಾಣುತ್ತದೆ. ಡಾಕ್ಟರ್ ಬೆರಳಲ್ಲಿ ಲೀಡ್ ತಿರುಗಿಸಿದಂತೆ ಡಬ್ಲ್ಯೂ ನಡುವಿನ ಗುಬುಟು ಬಲಕ್ಕೆ ಸರಿಯುತ್ತಾ ಹೋಯಿತು. ನಾನು ಇಂಪೆಡೆನ್ಸ್, ಅಂದರೆ ಕರೆಂಟಿಗೆ ಎಷ್ಟು ಓಮ್ ತಡೆ ಇದೆ ಅನ್ನೋದನ್ನು, ಕೂಗುತ್ತಿದ್ದೆ. 640, 710, 730. ಆಮೇಲೆ 690. ಇಳಿಯಲು ಶುರುವಾದರೆ ತುದಿ ಎಡಗೋಡೆಯನ್ನು ಸಮೀಪಿಸುತ್ತಿದೆ ಅಂತ ಅರ್ಥ. ಒಮ್ಮೆಲೇ ಕುಸಿದರೆ ಗೋಡೆ ತೂರಿ ಆಚೆ ಹೋಗಿದೆ ಅಂತ. "ಇನ್ನರ್ಧ ಸುತ್ತು ನೋಡೋಣ್ವಾ?" ಅಂದರು ಡಾಕ್ಟರ್. ಅಷ್ಟರಲ್ಲಿ ಆ ಆಕಾರದ ಕೊನೆಯಲ್ಲಿ ಮೇಲ್ಮುಖವಾಗಿ ಸಣ್ಣದೊಂದು ಆರ್ ಅಲೆ ಎದ್ದಿತು, ತುದಿ ಎಡ ಕವಲಿನ ಹತ್ತಿರ ತಲುಪಿದ ಗುರುತು. "ಸಾರ್, ಬಂತು" ಅಂದೆ. ಕೈ ನಿಂತಿತು. ಈ ಕೆಲಸದಲ್ಲಿ ತಿರುಗಿಸುವುದಕ್ಕಿಂತ ನಿಲ್ಲಿಸುವುದೇ ಕಷ್ಟ.

ಅಳೆದೆ. ಕ್ಯೂಆರ್‌ಎಸ್ ಅಗಲ, ಅಂದರೆ ಕೆಳಕೋಣೆಗಳಲ್ಲೆಲ್ಲ ಕರೆಂಟು ಹರಡಲು ಹಿಡಿಯುವ ಹೊತ್ತು, ಮೇಲ್ಮೈಯಲ್ಲಿ 160 ಮಿಲಿಸೆಕೆಂಡ್ ಇದ್ದದ್ದು ಈಗ 112. ಥ್ರೆಶೋಲ್ಡ್, ಹೃದಯ ಬಡಿಸಲು ಬೇಕಾದ ಕನಿಷ್ಠ ವೋಲ್ಟ್, 0.6. ಅಂದರೆ ಬ್ಯಾಟರಿಗೂ ಹೊರೆಯಿಲ್ಲ. ಇನ್ನೊಂದು ಲೀಡನ್ನು ಮೇಲಿನ ಕೋಣೆಗೆ ಹಾಕಿ, ಹೊಲಿಗೆ ಹಾಕಿ ಮುಗಿಸಿದರು. ಅಜ್ಜಿಗೆ ಕಾಫಿ ಬೇಕಿತ್ತು.

ಡಿಸ್ಚಾರ್ಜ್ ದಿನ ಪೇಸ್‌ಮೇಕರ್ ಕಾರ್ಡ್ ಕೊಟ್ಟಾಗ ಮಗ ಅದರಲ್ಲಿ ಮೊದಲು ಹುಡುಕಿದ್ದು ಕಂಪನಿ ಹೆಸರನ್ನೇ. ನಾನು ಅಮ್ಮನ ಹೊಸ ಇಸಿಜಿಯ ಮೇಲೆ "ಎಡ ಬಂಡಲ್ ಪೇಸಿಂಗ್" ಅಂತ ದೊಡ್ಡದಾಗಿ ಬರೆದು ಕೈಗಿಟ್ಟೆ. ಹಳೇ ಲೆಕ್ಕದಲ್ಲಿ ಪೇಸ್‌ಮೇಕರ್ ಇದ್ದವರ ವಿ1ರಲ್ಲಿ ಕೊನೆಗೆ ಆರ್ ಎದ್ದ ಈ ಥರ ಆಕಾರ ಕಂಡರೆ, ಲೀಡ್ ತಪ್ಪಿ ಎಡಗಡೆ ಕೋಣೆಗೆ ಹೋಗಿದೆಯೇನೋ ಅಂತ ಡಾಕ್ಟರುಗಳು ಗಾಬರಿಯಾಗುತ್ತಾರೆ. ಊರಲ್ಲಿ ಯಾರಾದರೂ ಹಾಗೆ ಹೇಳಿ ಹೆದರಿಸಿದರೆ ಇದನ್ನ ತೋರಿಸಿ ಅಂದೆ.

"ಹಂಗಾದ್ರೆ ಲ್ಯಾಮಿನೇಶನ್ ಮಾಡಿಸಿಬಿಡ್ತೀನಿ ಸಾರ್."

"ಅಯ್ಯೋ ಬೇಡಿ, ಇದು ಥರ್ಮಲ್ ಪೇಪರ್. ಬಿಸಿ ತಾಗಿದ್ರೆ ಪೂರ್ತಿ ಕಪ್ಪಾಗುತ್ತೆ. ಮೊದಲು ಜೆರಾಕ್ಸ್ ಮಾಡ್ಸಿ, ಲ್ಯಾಮಿನೇಶನ್ ಅದಕ್ಕೆ ಮಾಡ್ಸಿ."