ಕೊನೆಯ ಹತ್ತು ನಿಮಿಷ

ಶಿರಸಿ
ಅಕ್ಟೋಬರ್ 14, 2025, ಮಂಗಳವಾರ

ಗುರುವಾರ ಮಧ್ಯಾಹ್ನ 12ಕ್ಕೆ ಧಾರವಾಡದಲ್ಲಿ ನಮ್ಮ ಹುಡುಗಿಯರ ಮ್ಯಾಚು. ವಿಶ್ವವಿದ್ಯಾಲಯದ ಅಂತರ ಕಾಲೇಜು ಬಾಸ್ಕೆಟ್‌ಬಾಲ್. ನಾಕೌಟ್, ಹಾಗಾಗಿ ಸೋತರೆ ಅವತ್ತೇ ಸಂಜೆ ವಾಪಸ್ ಬಸ್ಸು. ಟೀಮ್ ಮ್ಯಾನೇಜರ್ ಅಂತ ಈ ಸಲವೂ ನನ್ನ ಹೆಸರೇ ಹೋಗಿದೆ. ಹುಡುಗಿಯರ ಜೊತೆ ಒಬ್ಬ ಮೇಡಂ ಇರಬೇಕಲ್ಲ, ಕನ್ನಡದವರಿಗೆ ಪ್ರಾಕ್ಟಿಕಲ್ ಕ್ಲಾಸಿನ ತಾಪತ್ರಯ ಇಲ್ಲವಲ್ಲ. ನನಗೇನೂ ಬೇಜಾರಿಲ್ಲ. ಬೆಂಚಿನ ಮೇಲೆ ಕೂತು ಕೂತೇ ಈ ಆಟ ತಲೆಗೆ ಹತ್ತಿಬಿಟ್ಟಿದೆ.

ಎದುರಾಳಿ ಹುಬ್ಬಳ್ಳಿಯ ಕಾಲೇಜು. ಅವರ ಹೋದ ವಾರದ ಆಟದ್ದೊಂದು ವಿಡಿಯೋ ಆಟ ಕಲಿಸುವ ಪಿ.ಡಿ. (ದೈಹಿಕ ಶಿಕ್ಷಣ ನಿರ್ದೇಶಕರು) ಸರ್ ಮೊಬೈಲಿಗೆ ಬಂದಿತ್ತು. ಇವತ್ತು ಮಧ್ಯಾಹ್ನ ಸ್ಟಾಫ್ ರೂಮಿನ ಮೂಲೆಯಲ್ಲಿ ಕೂತು ಇಬ್ಬರೂ ನೋಡಿದೆವು. ಯಾರೋ ಕೈ ನಡುಗಿಸುತ್ತಾ ತೆಗೆದದ್ದು, ಅರ್ಧ ಹೊತ್ತು ಕಾಣುವುದು ಮುಂದೆ ಕೂತವನ ತಲೆ. ಆದರೂ ಕಾಣಬೇಕಾದ್ದು ಕಂಡಿತು. ಬುಟ್ಟಿಯ ಹತ್ತಿರ ನಿಲ್ಲುವ ಅವರ ಸೆಂಟರ್ ಹುಡುಗಿ ಕೈಯೆತ್ತಿ ನಿಂತರೆ ನಮ್ಮವರ ಪಾಸು ಅವಳ ಮೊಣಕೈ ಮಟ್ಟಕ್ಕೆ ಬರುತ್ತದೆ. ಸರ್‌ಗೆ ಅವಳ ಬಗ್ಗೆ ಅಷ್ಟು ಚಿಂತೆ ಇದ್ದಂತಿಲ್ಲ. ಚೆಂಡು ಬುಟ್ಟಿಗೆ ಬಿದ್ದ ಕೂಡಲೇ ಅವರ ಐದೂ ಜನ ಹಿಂದಕ್ಕೆ ಓಡದೆ ಅಲ್ಲೇ ನಿಂತು ಮುತ್ತಿಕೊಳ್ಳುತ್ತಾರಲ್ಲ, ಆ ಫುಲ್ ಕೋರ್ಟ್ ಪ್ರೆಸ್ಸನ್ನೇ ಹಿಂದೆ ಮುಂದೆ ಮಾಡಿ ನೋಡುತ್ತಿದ್ದರು.

"ಎತ್ತರ ಇದ್ರ ಇರ್ಲಿ ಬಿಡ್ರಿ ಮೇಡಂ. 8 ಸೆಕೆಂಡಿನ್ಯಾಗ ಚೆಂಡು ಅರ್ಧ ಗೆರಿ ದಾಟಬೇಕು. ಅದ ಆಗ್ಲಿಲ್ಲಂದ್ರ ಮುಂದಿನ ಮಾತ ಇಲ್ಲ."

ಸರ್ ಆಡುವ ಕಾಲಕ್ಕೆ ಇದಕ್ಕೆ 10 ಸೆಕೆಂಡ್ ಇತ್ತು. ಬುಟ್ಟಿಗೆ ಎಸೆಯಲು 30 ಸೆಕೆಂಡ್, ಆಟ 20 ನಿಮಿಷದ ಎರಡು ಭಾಗ. 2000ದ ಹೊತ್ತಿಗೆ ಎಲ್ಲ ಬಿಗಿಯಾಗಿ 8 ಸೆಕೆಂಡ್, 24 ಸೆಕೆಂಡ್, 10 ನಿಮಿಷದ ನಾಲ್ಕು ಕ್ವಾರ್ಟರ್ ಆಯಿತು. ಆಗ ಬೆಳಗಾವಿ, ಬಿಜಾಪುರ, ಬಾಗಲಕೋಟೆಯವರೂ ಇದೇ ವಿಶ್ವವಿದ್ಯಾಲಯಕ್ಕೆ ಸೇರಿದ್ದರು. 2010ರಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಆದಮೇಲೆ ಅವರೆಲ್ಲ ಆಚೆ ಹೋದರು. "ಇಲ್ಲಾಂದ್ರ ನಮಗ ಇಷ್ಟರ ತನಕ ಬರೂದೂ ಕಷ್ಟ ಇತ್ತು" ಅಂತ ಸರ್ ನಕ್ಕರು. ನಗಬೇಕಾದ ಮಾತೋ ಅಲ್ಲವೋ.

ನಮ್ಮದು ಏಳು ಜನರ ತಂಡ. 12 ಜನರಿಗೆ ಅವಕಾಶ ಇದೆ, ಸಿಕ್ಕಿದ್ದು ಏಳೇ. ಸರ್ ಯಾರನ್ನೂ ಹೆಸರು ಹಿಡಿದು ಕರೆಯುವುದಿಲ್ಲ, ಎಲ್ಲ ಊರಿನ ಮೇಲೆಯೇ. "ಮಂಚಿಕೇರಿ, ಬನವಾಸಿಗೆ ಕೊಡು! ವಾನಳ್ಳಿ, ಹಿಂದ ಬಾ!" ಅಂತ ಅವರು ಗೆರೆಯ ಹೊರಗೆ ನಿಂತು ಕೂಗುವಾಗ ಬಸ್ ಸ್ಟ್ಯಾಂಡಿನ ಮೈಕು ಕೇಳಿದ ಹಾಗೆ ಆಗುತ್ತದೆ.

ಬನವಾಸಿಯವಳು ನಮ್ಮ ಪೈಕಿ ಉದ್ದ. ಬಂದದ್ದು ವಾಲಿಬಾಲಿನಿಂದ. ನಮ್ಮ ಕಡೆ ಊರೂರಿಗೂ ವಾಲಿಬಾಲ್ ನೆಟ್ ಇದೆ, ಹೊನಲು ಬೆಳಕಿನ ಪಂದ್ಯಾವಳಿ ಇದೆ. ಬಾಸ್ಕೆಟ್‌ಬಾಲ್ ಕಂಬ ನೋಡಬೇಕೆಂದರೆ ಪೇಟೆಗೇ ಬರಬೇಕು. ಹಾಗಾಗಿ ರಿಂಗಿಗೆ ತಾಗಿ ಬಂದ ಚೆಂಡನ್ನು ಅವಳು ಹಿಡಿಯುವುದೇ ಇಲ್ಲ. ಹಾರುತ್ತಾಳೆ, ಹತ್ತೂ ಬೆರಳ ತುದಿ ತಾಗಿಸುತ್ತಾಳೆ, ಚೆಂಡು ಮೆತ್ತಗೆ ಎಡಗಡೆಗೆ ಹೋಗುತ್ತದೆ. ಸೆಟ್ ಮಾಡುವುದು ಅವಳ ಕೈಗೆ ಅಂಟಿಬಿಟ್ಟಿದೆ. "ಹಿಡಿಯವ್ವಾ, ಹಿಡಿ" ಅಂತ ಸರ್ ಕೂಗಿ ಕೂಗಿ ಸಾಕಾಗಿ, ಈಗ ಆ ಎಡಗಡೆಯಲ್ಲಿ ರಾಗಿಹೊಸಳ್ಳಿಯವಳನ್ನೇ ನಿಲ್ಲಿಸಿದ್ದಾರೆ. ಹುಬ್ಬಳ್ಳಿಯ ಆ ಎತ್ತರದ ಹುಡುಗಿಯ ಪಕ್ಕ ನಿಂತು ಚೆಂಡು ಹಿಡಿಯಲು ಹೋದರೆ ಹೇಗೂ ಸಿಗುವುದಿಲ್ಲ. ತಟ್ಟಿದರೆ ಸಿಕ್ಕೀತು. ನನಗೆ ಗುರುವಾರದ ಆಟದಲ್ಲಿ ಭರವಸೆ ಇರುವುದು ಈ ಒಂದು ವಿಷಯದಲ್ಲಿ.

ಮಂಚಿಕೇರಿಯವಳು ಕಬಡ್ಡಿ. ಎದುರಿನವಳು ಒಳಗೆ ನುಗ್ಗಿದರೆ ಇವಳ ಕೈ ತಾನಾಗಿ ಅವಳ ಸೊಂಟಕ್ಕೆ ಹೋಗುತ್ತದೆ. 5 ಫೌಲ್ ಆದರೆ ಹೊರಗೆ. ಅದಲ್ಲದೆ ಒಂದು ಕ್ವಾರ್ಟರಿನಲ್ಲಿ ತಂಡದ ಲೆಕ್ಕಕ್ಕೆ ನಾಲ್ಕು ಫೌಲ್ ತುಂಬಿದವೆಂದರೆ ಐದನೆಯದರಿಂದ ಅವರಿಗೆ ಎರಡೆರಡು ಫ್ರೀ ಥ್ರೋ, ಅಂದರೆ ಯಾರೂ ಅಡ್ಡ ಬಾರದ ಎಸೆತ. ಆಟ ಶುರು ಮಾಡಲು ಐದು ಜನ ಬೇಕೇ ಬೇಕು, ಶುರುವಾದ ಮೇಲೆ ಅಂಗಳದಲ್ಲಿ ಇಬ್ಬರು ಉಳಿದಿದ್ದರೂ ಆಟ ನಡೆಯುತ್ತದೆ ಅಂತ ಸರ್ ನಿನ್ನೆ ಹೇಳಿದಾಗ ಹುಡುಗಿಯರು ಬಿದ್ದು ಬಿದ್ದು ನಕ್ಕರು. ನಾನು ಮನಸ್ಸಿನಲ್ಲೇ ಏಳರಲ್ಲಿ ಕಳೆಯುತ್ತಾ ಕೂತಿದ್ದೆ.

ಚೆಂಡಿನದು ಇನ್ನೊಂದು ಕತೆ. ಹೆಂಗಸರ ಆಟಕ್ಕೆ 6ನೇ ನಂಬರಿನ ಚೆಂಡು, ಗಂಡಸರಿಗೆ 7. ಸುತ್ತಳತೆಯಲ್ಲಿ ಒಂದಿಂಚು ವ್ಯತ್ಯಾಸ, 28.5 ಮತ್ತು 29.5. ತೂಕವೂ ಕಡಿಮೆ. ನಮ್ಮ ಗೋದಾಮಿನಲ್ಲಿ ಇದ್ದದ್ದೆಲ್ಲ 7ನೇ ನಂಬರು. ಹುಡುಗಿಯರು ಇಷ್ಟು ದಿನ ಅದರಲ್ಲೇ ಎಸೆದು ರೂಢಿ. ಈ ತಿಂಗಳು ಸರ್ ಓಡಾಡಿ ಒಂದು 6ನೇ ನಂಬರು ತರಿಸಿದರು. ಕೈಗೆ ಹಗುರ ಸಿಕ್ಕಿತಲ್ಲ, ಖುಷಿಯೋ ಖುಷಿ. ಆದರೆ 4.6 ಮೀಟರಿನ ಗೆರೆಯಿಂದ ಎಸೆದ ಫ್ರೀ ಥ್ರೋಗಳೆಲ್ಲ ರಿಂಗಿನ ಹಿಂಬದಿಗೆ ಢಣ್ ಅಂತ ಬಡಿದು ವಾಪಸ್. ತೋಳಿಗೆ ಹಳೇ ಭಾರದ ನೆನಪು. ಈಗ ನಾಲ್ಕಾರು ದಿನದಿಂದ ಸರಿಹೋಗುತ್ತಾ ಇದೆ. ಮಳೆಗಾಲದ ನಾಲ್ಕು ತಿಂಗಳು ಅಂಗಳಕ್ಕೆ ಇಳಿಯುವ ಹಾಗೇ ಇರಲಿಲ್ಲ, ಸಿಮೆಂಟಿನ ಮೇಲೆ ಹಾವಸೆ. ಬ್ಲೀಚಿಂಗ್ ಪೌಡರ್ ಹಾಕಿ ಹಿಡಿಸೂಡಿಯಲ್ಲಿ ತಿಕ್ಕಿದ್ದೂ ಇದೇ ಏಳು ಜನ.

ಇಷ್ಟೆಲ್ಲ ಬರೆಯಲು ಕೂತದ್ದಲ್ಲ ನಾನು. ಸಂಜೆ ಬಸ್ ಸ್ಟ್ಯಾಂಡಿನಲ್ಲಿ ನಡೆದ ಮಾತು ಬರೆಯೋಣ ಅಂತ ಲ್ಯಾಪ್‌ಟಾಪ್ ತೆಗೆದದ್ದು.

ಚಿತ್ತೆ ಮಳೆ ಒಮ್ಮೆಲೇ ಹೊಡೆಯಿತು. ಛತ್ರಿ ಇರಲಿಲ್ಲ, ಬಸ್ ಸ್ಟ್ಯಾಂಡಿನೊಳಗೆ ನುಗ್ಗಿದೆ. ವಾನಳ್ಳಿ ಅಲ್ಲೇ ಕಂಬಕ್ಕೆ ಒರಗಿ ನಿಂತಿದ್ದಳು, ಶೂ ಬಿಚ್ಚಿ ಚೀಲಕ್ಕೆ ಹಾಕಿ ಹವಾಯಿ ಚಪ್ಪಲಿ ಮೆಟ್ಟಿಕೊಂಡು. ಚೆಂಡು ಮೇಲಕ್ಕೆ ತರುವವಳು ಅವಳೇ. ಗುರುವಾರ ಆ ಪ್ರೆಸ್ ಮುರಿಯಬೇಕಾದವಳೂ ಅವಳೇ. ಬಸ್ಸು ತಡ. ನನಗೂ ಶೇಂಗಾ ಕೊಟ್ಟಳು. ಸ್ವಲ್ಪ ಹೊತ್ತು ಇಂಟರ್ನಲ್ಸ್ ಬಗ್ಗೆ ಮಾತಾಡಿದೆವು. ಆಮೇಲೆ ಒಮ್ಮೆಗೇ,

"ಮೇಡಂ, ಒಂದು ಮಾತು ಹೇಳ್ಲಾ? ಸರ್‌ಗೆ ಹೇಳ್ಬೇಡಿ."

"ಹೇಳು."

"ನಂಗೆ ನಾಲ್ಕನೇ ಕ್ವಾರ್ಟರ್ ಆಡಿ ಗೊತ್ತೇ ಇಲ್ಲ ಮೇಡಂ."

ಎಂಥದು ಮಾರಾಯ್ತಿ, ಎಷ್ಟು ಮ್ಯಾಚ್ ಆಡಿದ್ದೀಯ ಅಂದೆ.

"ಮ್ಯಾಚಲ್ಲಿ ಆಡ್ತೆ. ಪ್ರಾಕ್ಟೀಸಲ್ಲಿ ಒಂದಿನಾನೂ ಆಡ್ಲಿಲ್ಲ. ನಾಲ್ಕೂಕಾಲಕ್ಕೆ ಶುರು ಮಾಡ್ತೇವೆ. ಓಡೋದು, ಲೇ ಅಪ್ಪು, ಪಾಸಿಂಗು, ಆಮೇಲೆ ಗೇಮು. ಮೂರನೇ ಕ್ವಾರ್ಟರ್ ಅರ್ಧ ಆಗೋವಷ್ಟರಲ್ಲಿ ಐದೂಕಾಲು. ಬನವಾಸಿಗೂ ಬಸ್ಸು, ನಂಗೂ ಬಸ್ಸು. ಚೀಲ ಎತ್ಕೊಂಡು ಓಡೋದೇ. ಹೋದ ತಿಂಗಳು ಘಟ್ಟದ ಕೆಳಗಿನವರು ಬಂದಿದ್ರಲ್ಲ, ಫ್ರೆಂಡ್ಲಿ, ಮೂರನೇ ಕ್ವಾರ್ಟರಿಗೆ ನಾವು ಆರು ಪಾಯಿಂಟ್ ಮುಂದೆ ಇದ್ವಲ್ಲ. ನಂದು ಕಣ್ಣು ಗೇಟಿನ ಕಡೆಗೇ ಹೋಗ್ತಾ ಇತ್ತು ಮೇಡಂ. ಭಾನುವಾರ ಅದು. ಅಪ್ಪ ಬೈಕ್ ತಗೊಂಡು ಬಂದು ಅಲ್ಲೇ ನಿಂತಿದ್ರು. ಬಸ್ಸಿಂದು ಚಿಂತೆನೇ ಇಲ್ಲ. ಆದ್ರೂ."

ಆ ಆಟ ಐದು ಪಾಯಿಂಟಿನಿಂದ ಸೋತದ್ದು. ಸರ್ ಅವತ್ತು ಹೇಳಿದ್ದು ಸ್ಟ್ಯಾಮಿನಾ ಸಾಲದು ಅಂತ. ಮರುದಿನದಿಂದ ಅಂಗಳಕ್ಕೆ ಹೆಚ್ಚಿಗೆ ಸುತ್ತು ಬಂತು, ಅದಕ್ಕೆ ಹತ್ತು ನಿಮಿಷ ಹೋಯಿತು, ಆಟ ಇನ್ನೂ ಮೊದಲೇ ನಿಲ್ಲತೊಡಗಿತು. ಈ ಹುಡುಗಿಗೆ ಎಂಥಾ ಸ್ಟ್ಯಾಮಿನಾ ಕೊರತೆ? ಬಸ್ಸಿಳಿದು ಅಡಿಕೆ ತೋಟದ ಅಂಚಿನಲ್ಲಿ, ಸಂಕ ದಾಟಿ, ದರೆ ಹತ್ತಿ ಮನೆ ಸೇರುವವಳು. ದಿನವೂ.

"ಹಾಗಾದ್ರೆ ಎಂಥಾ ಮಾಡೂದು ಹೇಳು?"

ಬಸ್ಸಿನ ಲೈಟು ಕಂಡಿತು, ಅವಳು ಚೀಲ ಹೆಗಲಿಗೇರಿಸಿದಳು. "ನಾಳೆ ಕೊನೆಯಿಂದ ಶುರು ಮಾಡಿದ್ರೆ ಆಗ್ತದಾ ಮೇಡಂ?" ಅಂದಳು. ಆಮೇಲೆ ಮೆಟ್ಟಿಲು ಹತ್ತುತ್ತಾ ತಿರುಗಿ, "ಸರ್‌ಗೆ ನೀವೇ ಹೇಳಿದ ಹಾಗೆ ಹೇಳಿ."

ಮನೆಗೆ ಬಂದು ಸರ್‌ಗೆ ಫೋನ್ ಮಾಡಿದೆ. ನಾನೇ ಹೇಳಿದ ಹಾಗೆ ಹೇಳಿದೆ. ಆ ಕಡೆ ಮಾತಿಲ್ಲ. ಟೀವಿ ಸದ್ದು ಮಾತ್ರ. ಆಮೇಲೆ, "ಹೌದಲ್ರೀ..." ಅಂದರು. "ನಾಳೆ ವಾರ್ಮ್ ಅಪ್ ಆದ ಕೂಡ್ಲೆ ಬೋರ್ಡಿನ ಮ್ಯಾಲೆ 41-38 ಬರ್ದು, ಗಡಿಯಾರ ಹತ್ತು ನಿಮಿಷಕ್ಕಿಟ್ಟು ಬಿಟ್ಟುಬಿಡೂದು. ಎದುರಿಗೆ ಹುಡುಗ್ರ ಟೀಮ್ ನಿಲ್ಲಸ್ತೀನಿ, ಪ್ರೆಸ್ ಮಾಡ್ರಿ ಅಂತ ಹೇಳಿ."

"41 ಯಾರದು ಸರ್? ಅವರದ್ದಾ?"

"ನಮ್ದ್ರೀ. ಹಿಂದ ಇದ್ದು ಆಡೂದು ಇವಕ್ಕ ಗೊತ್ತೈತಿ. ಮುಂದ ಇದ್ದಾಗ ಏನ್ ಮಾಡಬೇಕಂತ ಗೊತ್ತಿಲ್ಲ."

ಬೆಳಿಗ್ಗೆ 5ರ ಬಸ್ಸು ಅಂತ ತೀರ್ಮಾನ. ಮುಂಡಗೋಡ, ತಡಸ ದಾಟಿ ಹುಬ್ಬಳ್ಳಿ, ಅಲ್ಲಿಂದ ಧಾರವಾಡ. ಹುಡುಗಿಯರಿಗೂ ನನಗೂ ಶಕ್ತಿ ಯೋಜನೆಯ ಶೂನ್ಯ ಟಿಕೆಟ್ಟು, ಆಧಾರ್ ಕಾರ್ಡ್ ಮರೆಯಬೇಡಿ ಅಂತ ಗ್ರೂಪಿಗೆ ಹಾಕಿದ್ದೇನೆ. ದುಡ್ಡು ಕೊಟ್ಟು ಹೋಗುವವರು ಸರ್ ಒಬ್ಬರೇ. ಟಿ.ಎ. ಬಿಲ್ಲಿನಲ್ಲಿ ಒಂದೇ ಸಾಲು. ಜರ್ಸಿ ಹಳೆಯದೇ, 4ರಿಂದ 15ರವರೆಗಿನ ಸೆಟ್ಟು. ಈಗ ಯಾವ ನಂಬರ್ ಬೇಕಾದರೂ ಹಾಕಬಹುದಂತೆ, ಮೊದಲು 4ರಿಂದಲೇ ಶುರು ಮಾಡಬೇಕಿತ್ತು. ಮಂಚಿಕೇರಿಗೆ 7 ಬೇಕಂತೆ, ಬನವಾಸಿಗೂ 7 ಬೇಕಂತೆ. ನಾಳೆ ಆ ಜಗಳ ಬೇರೆ ಬಿಡಿಸಬೇಕು.

ಊಟಕ್ಕೆ ಕೂತಾಗ ಅತ್ತೆಗೆ ಹೇಳಿದೆ, ಗುರುವಾರ ಬೆಳಗಿನ ಜಾವವೇ ಹೊರಡುತ್ತೇನೆ, ರಾತ್ರಿ ಎಂಟರ ಹೊತ್ತಿಗೆ ಬಂದುಬಿಡುತ್ತೇನೆ ಅಂತ. ಸೋಮವಾರದಿಂದ ದೊಡ್ಡಹಬ್ಬ ದೀಪಾವಳಿ, ಮನೆ ತೊಳೆಯುವುದು ಬಾಕಿ ಇದೆ, ಅದರ ಬಗ್ಗೆ ಏನಾದರೂ ಅನ್ನುತ್ತಾರೆ ಅಂದುಕೊಂಡಿದ್ದೆ. ಅವರು ಮಜ್ಜಿಗೆ ಬಡಿಸಿಕೊಳ್ಳುತ್ತಾ,

"ಗೆದ್ರೆ ರಾತ್ರೆ ಎಲ್ಲಿ ಉಳ್ಕಳ್ತ್ರಿ?" ಅಂದರು.

ಇವರು ತಟ್ಟೆಯಿಂದ ತಲೆ ಎತ್ತಿ ನನ್ನ ಮುಖ ನೋಡಿದರು.

ಗೆದ್ದರೆ ಶುಕ್ರವಾರ ಬೆಳಿಗ್ಗೆ ಮುಂದಿನ ಮ್ಯಾಚು. ಅದು ಆಯೋಜಕರ ಪತ್ರದಲ್ಲೇ ಇದೆ. ಉಳಿಯಲು ವ್ಯವಸ್ಥೆ ಬೇಕಾದವರು ಮೊದಲೇ ತಿಳಿಸಬೇಕು ಅಂತಲೂ ಇದೆ. ನನ್ನ ಫೈಲಿನಲ್ಲಿ ಏಳು ಒಪ್ಪಿಗೆ ಪತ್ರ ಇವೆ, ಏಳಕ್ಕೂ ಅಪ್ಪ ಅಮ್ಮನ ಸಹಿ. ದಿನಾಂಕದ ಜಾಗದಲ್ಲಿ ಏಳರಲ್ಲೂ 16-10-2025 ಮಾತ್ರ. ಫಾರಂ ಟೈಪ್ ಮಾಡಿಸಿದ್ದು ಆಫೀಸಿನವರು, ನೋಡಿ ಸಹಿ ಹಾಕಿದ್ದು ಎಲ್ಲರೂ. ಯಾವ ಹುಡುಗಿಯೂ 17ರ ಬಗ್ಗೆ ಕೇಳಲಿಲ್ಲ. ಸರ್ ಕೂಡ ಕೇಳಲಿಲ್ಲ. ಎರಡು ಜೊತೆ ಬಟ್ಟೆ ತನ್ನಿ ಅಂತ ಗ್ರೂಪಿಗೆ ಹಾಕಲಾ? ಹಾಕಿದರೆ ಏನಂದುಕೊಳ್ಳುತ್ತಾರೆ?

ವಾನಳ್ಳಿಯವಳ ಅಪ್ಪನಿಗೆ ಈಗಲೇ ಫೋನ್ ಮಾಡೋಣ ಅಂತ ಎದ್ದೆ. ಅವರ ಮನೆಯಲ್ಲಿ ಸಿಗ್ನಲ್ ಸಿಗುವುದು ಅಂಗಳದ ತುದಿಯಲ್ಲಿ ಮಾತ್ರ, ಮಳೆ ಬಂದರೆ ಅದೂ ಇಲ್ಲ. ಪಕ್ಕದ ಮನೆಗೆ ಲ್ಯಾಂಡ್‌ಲೈನ್ ಇದೆ. ಆದರೆ ಈಗ ಒಂಬತ್ತೂಕಾಲು. ಇಷ್ಟು ಹೊತ್ತಿಗೆ ಕಾಲೇಜಿನ ಮೇಡಂ ಫೋನು ಅಂದರೆ ಏನೋ ಆಗಿದೆ ಅಂತ ಗಾಬರಿ ಬೀಳುತ್ತಾರೆ. ಬೆಳಿಗ್ಗೆಯಾದರೆ ಅವರು ತೋಟಕ್ಕೆ ಇಳಿಯುವ ಮೊದಲು, ಏಳರ ಒಳಗೆ ಹಿಡಿಯಬೇಕು. ಅವರೇನೋ ಅಡ್ಡಿಲ್ಲ ಅಂದಾರು. ಆದರೆ ಒಂದು ಮನೆಗೆ ಮಾಡಿದರೆ ಉಳಿದ ಆರು ಮನೆಗೂ ಮಾಡಬೇಕು, ಮಂಚಿಕೇರಿಯವಳ ಅಣ್ಣನ ಹತ್ತಿರವಂತೂ ಒಂದು ದಿನಕ್ಕೆ ಒಪ್ಪಿಸುವಷ್ಟರಲ್ಲೇ ಸಾಕಾಗಿತ್ತು.